ಕೊಟ್ಟು ತಂದ ಮನೆಗಳ ಮಕ್ಕಳು

೧೯೭೮ ಇರಬೇಕು; ೭೯ ಎಂದು ಯಾರಾದರೂ ವಾದಿಸಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ತುಮಕೂರಿನಲ್ಲಿ ಸ್ವಂತ ಬೋರ್ಡು ಹಾಕಿಕೊಂಡು ವಕೀಲಿಕೆ ಶುರುಮಾಡಿ ನಾಲ್ಕೈದು ವರ್ಷವಾಗಿತ್ತು. ಅದಕ್ಕೆ ಮುಂಚೆ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಯಾವ ಮಾತನ್ನೇ ಆಗಲಿ ನಂಬುವ ಮೊದಲು ಆಧಾರ ಕೇಳಬೇಕು ಎನ್ನುವುದನ್ನು ಯೂನಿವರ್ಸಿಟಿಯಲ್ಲಿ ಕಲಿತೆ. ಆಧಾರ ಇಲ್ಲದಿದ್ದಾಗ ದನಿ ಏರಿಸಬೇಕು ಎನ್ನುವುದನ್ನು ಕೋರ್ಟಿನಲ್ಲಿ ಕಲಿತೆ. ಎರಡನೆಯದರಿಂದಲೇ ಹೊಟ್ಟೆ ತುಂಬಿದ್ದು.

ಈ ಪ್ರಕರಣದ ಫೈಲು ನನ್ನ ಬಳಿ ಇಲ್ಲ. ಗೆದ್ದಲು ತಿಂದ ಕಟ್ಟುಗಳಲ್ಲಿ ಅದೂ ಹೋಯಿತು. ಈಗ ಬರೆಯುತ್ತಿರುವುದು ನಾನು ಬೇರೆ ಬೇರೆಯವರ ಮುಂದೆ ಹಲವು ಸಲ ಹೇಳಿದ ಕಥೆ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸ್ವಲ್ಪ ಚೆನ್ನಾಗಿ ಹೇಳಿದ್ದೇನೆ ಎನ್ನುವ ಕಾರಣಕ್ಕೇ ನನಗೆ ಅದರ ಮೇಲೆ ಅನುಮಾನವಿದೆ. ಎಲ್ಲಿ ನನ್ನ ನೆನಪನ್ನು ನಂಬಬಾರದೋ ಅಲ್ಲಿ ಹೇಳುತ್ತೇನೆ.

ಆಗ ನಮ್ಮಲ್ಲಿ ಫ್ಯಾಮಿಲಿ ಕೋರ್ಟು ಎಂಬುದು ಇರಲಿಲ್ಲ. ಗಂಡ ಹೆಂಡತಿ ಬೇರೆಯಾದಾಗ ಮಗು ಯಾರ ಬಳಿ ಇರಬೇಕು ಎಂಬ ತಕರಾರು, ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಎಂಬ ಬ್ರಿಟಿಷರ ಕಾಲದ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತಿತ್ತು. ಜಮೀನಿನ ಅಪೀಲು, ಕೊಲೆ ಕೇಸುಗಳ ನಡುವೆ ಸರದಿ ಕಾಯುತ್ತಿತ್ತು. ತೀರ್ಮಾನಕ್ಕೆ ವರ್ಷಗಳು ಹಿಡಿಯುವುದರಿಂದ ಮುಖ್ಯ ಅರ್ಜಿಯ ಜೊತೆಗೇ ಇನ್ನೊಂದು ಸಣ್ಣ ಅರ್ಜಿ ಹಾಕುತ್ತಿದ್ದೆವು. ಅದಕ್ಕೆ ಐ.ಎ. ಎನ್ನುತ್ತೇವೆ, ಅಂದರೆ ಮಧ್ಯಂತರ ಅರ್ಜಿ. ಕೇಸು ಮುಗಿಯುವವರೆಗೆ ಮಗುವನ್ನು ತಾತ್ಕಾಲಿಕವಾಗಿ ನಮ್ಮ ವಶಕ್ಕೆ ಕೊಡಿಸಿ ಎಂದು ಬೇಡುವುದು ಅದರ ಸಾರ.

ಒಂದು ಬೆಳಿಗ್ಗೆ ಕುಣಿಗಲ್ಲಿನ ಸೋಮಶೇಖರ ತನ್ನ ತಂಗಿ ಗಿರಿಜಳನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದ. ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಜವಳಿ ಅಂಗಡಿ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಅಳತೆ ಮಾಡಿ ಬಟ್ಟೆ ಹರಿಯುವವರ ಖಚಿತತೆ. ಗಿರಿಜಳ ಸೊಂಟದಲ್ಲಿ ಎರಡು ವರ್ಷದ ಒಂದು ಹೆಣ್ಣು ಮಗು ಇತ್ತು. ನಾನು ಸಹಜವಾಗಿಯೇ ಅದು ಅವಳದೇ ಮಗು ಎಂದುಕೊಂಡೆ. ಆಮೇಲೆ ಇದೇ ತಪ್ಪನ್ನು ನನಗಿಂತ ದೊಡ್ಡವರೂ ಮಾಡಿದರು.

ಸೋಮಶೇಖರ ಹೇಳಿದ ವಿಷಯ ಇದು. ಗುಬ್ಬಿಯಲ್ಲಿ ಚನ್ನಬಸಪ್ಪ ಎಂಬ ಕೊಬ್ಬರಿ ವ್ಯಾಪಾರಿ. ಅವರಿಗೆ ರೇಣುಕಪ್ಪ ಎಂಬ ಮಗ, ವಿಶಾಲಾಕ್ಷಿ ಎಂಬ ಮಗಳು. ಈ ಎರಡು ಮನೆಗಳ ನಡುವೆ ಕೊಟ್ಟು ತರುವ ಸಂಬಂಧ ನಡೆದಿತ್ತು. ಹಾಗೆಂದರೆ ನಮ್ಮ ಮನೆಯ ಹೆಣ್ಣನ್ನು ನಿಮಗೆ ಕೊಡುತ್ತೇವೆ, ನಿಮ್ಮ ಮನೆಯ ಹೆಣ್ಣನ್ನು ನಮಗೆ ತರುತ್ತೇವೆ. ಗಿರಿಜಳನ್ನು ಗುಬ್ಬಿಯ ರೇಣುಕಪ್ಪನಿಗೆ ಕೊಟ್ಟರು. ವಿಶಾಲಾಕ್ಷಿಯನ್ನು ಕುಣಿಗಲ್ಲಿನ ಈ ಸೋಮಶೇಖರನಿಗೆ ತಂದರು. ಒಂದೇ ಚಪ್ಪರ, ಒಂದೇ ಓಲಗ, ಒಂದೇ ಅಡುಗೆ. ವರದಕ್ಷಿಣೆಯ ಮಾತು ಬರುವುದಿಲ್ಲ, ಹೆಣ್ಣು ಕೊಟ್ಟ ಮನೆಯವರು ತಗ್ಗಬೇಕಾಗಿಲ್ಲ, ಎರಡೂ ಕಡೆ ಸರಿಸಮ. ಹಿರಿಯರು ಇದನ್ನು ಬುದ್ಧಿವಂತಿಕೆ ಎಂದು ಹೇಳಿಕೊಳ್ಳುತ್ತಾರೆ. ನನಗೆ ಮಾತ್ರ ಇದು ಎರಡು ಪಾಳೆಯಗಾರರು ಒತ್ತೆಯಾಳುಗಳನ್ನು ಬದಲಾಯಿಸಿಕೊಂಡ ಹಾಗೆ ಕಾಣುತ್ತದೆ.

ನಾಲ್ಕು ವರ್ಷ ಎರಡೂ ಸಂಸಾರ ನಡೆದವು. ಗುಬ್ಬಿಯಲ್ಲಿ ಗಿರಿಜಳಿಗೆ ಒಂದು ಗಂಡು, ಮಂಜು. ಕುಣಿಗಲ್ಲಿನಲ್ಲಿ ವಿಶಾಲಾಕ್ಷಿಗೆ ಒಂದು ಹೆಣ್ಣು, ಉಮಾ. ಆಮೇಲೊಂದು ದಿನ ಗಿರಿಜ ತವರಿನ ಕಡೆಯ ಮದುವೆಗೆ ಹೋದವಳು ಹೇಳಿದ್ದಕ್ಕಿಂತ ಎರಡು ದಿನ ತಡವಾಗಿ ವಾಪಸಾದಳು. ರೇಣುಕಪ್ಪ ಕೊಬ್ಬರಿ ಮಂಡಿಯ ಹಮಾಲರ ಎದುರಿಗೇ ಅವಳ ಕೆನ್ನೆಗೆ ಹೊಡೆದ. ಅದು ಮೊದಲನೆಯ ಏಟಲ್ಲವಂತೆ. ಆದರೆ ಹೊರಗಿನವರು ನೋಡಿದ ಮೊದಲನೆಯದು. ಗಿರಿಜ ಮಗುವನ್ನೆತ್ತಿಕೊಂಡು ಹೊರಟಾಗ ಅತ್ತೆ ಬಾಗಿಲಲ್ಲೇ ಮಗುವನ್ನು ಕಿತ್ತುಕೊಂಡು, “ನೀನು ಎಲ್ಲಿಗಾದ್ರೂ ಹೋಗು, ಮೊಮ್ಮಗ ನಮ್ಮನೇದು” ಎಂದರು. ಅವಳೊಬ್ಬಳೇ ಕುಣಿಗಲ್ಲಿಗೆ ಬಂದಳು.

ಇಲ್ಲಿಯವರೆಗೆ ಇದು ಯಾವ ಮನೆಯಲ್ಲಾದರೂ ಆಗುವ ಕಥೆ. ಮುಂದಿನದನ್ನು ಸೋಮಶೇಖರ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ತಂಗಿ ಮನೆಗೆ ಬಂದ ವಾರದಲ್ಲಿ ಅವನು ತನ್ನ ಹೆಂಡತಿ ವಿಶಾಲಾಕ್ಷಿಯನ್ನು ಗುಬ್ಬಿಯ ಬಸ್ ಹತ್ತಿಸಿದ್ದ. ಮಗಳನ್ನು ತನ್ನಲ್ಲೇ ಇಟ್ಟುಕೊಂಡಿದ್ದ.

“ನಿಮ್ಮ ಮನೆಯವರು ಏನು ತಪ್ಪು ಮಾಡಿದ್ರು?” ಎಂದು ಕೇಳಿದೆ.

“ಅವಳೇನ್ ಮಾಡವಳೆ ಸಾರ್, ಪಾಪ. ಚಿನ್ನದಂಥೋಳು.”

“ಮತ್ತೆ ಯಾಕೆ ಕಳಿಸಿದ್ರಿ?”

ಅವನು ನನ್ನನ್ನು, ಮೀಟರಿಗೆ ಎಷ್ಟು ಗಜ ಎಂದು ಕೇಳಿದ ಗಿರಾಕಿಯನ್ನು ನೋಡುವಂತೆ ನೋಡಿದ. “ಅವ್ರು ನಮ್ ಹುಡುಗೀನ ಕಳಿಸವ್ರೆ. ನಾವು ಅವ್ರ ಹುಡುಗೀನ ಮನೇಲಿಟ್ಕೊಂಡಿದ್ರೆ ಊರೋರು ನಗಲ್ವಾ?”

ಗಿರಿಜ ನೆಲ ನೋಡುತ್ತಿದ್ದಳು. ತೊಡೆಯ ಮೇಲಿದ್ದ ಮಗು ಅವಳ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಜಾರಿಸುತ್ತಿತ್ತು. ಅದು ವಿಶಾಲಾಕ್ಷಿಯ ಮಗಳು ಉಮಾ ಎಂದು ಆಗ ಗೊತ್ತಾಯಿತು. ಗಿರಿಜಳ ಮಗ ಮಂಜು ಗುಬ್ಬಿಯಲ್ಲಿ ವಿಶಾಲಾಕ್ಷಿಯ ಕೈಯಲ್ಲಿದ್ದ. ಎರಡು ಮಕ್ಕಳೂ ತಾಯಿಯನ್ನು ಬಿಟ್ಟು, ಸೋದರತ್ತೆಯ ಆರೈಕೆಯಲ್ಲಿ ಬೆಳೆಯುತ್ತಿದ್ದವು. ಇಬ್ಬರು ತಾಯಂದಿರೂ ಇನ್ನೊಬ್ಬಳ ಮಗುವಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು. ಈ ಏರ್ಪಾಡನ್ನು ಯಾವ ಹುಚ್ಚನೂ ಕುಳಿತು ಯೋಚಿಸಿ ಮಾಡಲಾರ. ಮರ್ಯಾದಸ್ಥರು ಮಾತ್ರ ಮಾಡಬಲ್ಲರು.

ನಾನು ಅರ್ಜಿ ತಯಾರಿಸಿದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರತಕ್ಕದ್ದು ಎಂದು ಕಾನೂನು ಹೇಳುತ್ತದೆ. ಅಷ್ಟು ಸಾಕಾಗಿತ್ತು. ಆದರೆ ನಮ್ಮ ವೃತ್ತಿಯಲ್ಲಿ ಯಾವುದೂ ಅಷ್ಟಕ್ಕೆ ಸಾಕಾಗುವುದಿಲ್ಲ. ಅರ್ಜಿಯ ಜೊತೆ ಅಫಿಡವಿಟ್ ಬೇಕು, ಅಂದರೆ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ. ಅದರಲ್ಲಿ ಮಗು ಈಗಿರುವ ಜಾಗ ನರಕ ಎಂದು ಬರೆಯುವುದು ವಾಡಿಕೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ: ಮಗುವನ್ನು ಕ್ರೂರ ಸ್ವಭಾವದ ವಿಶಾಲಾಕ್ಷಿ ಎಂಬಾಕೆಯ ವಶಕ್ಕೆ ಒಪ್ಪಿಸಲಾಗಿದ್ದು, ಆಕೆ ಮಗುವಿಗೆ ಹೊತ್ತಿಗೆ ಸರಿಯಾಗಿ ಊಟವನ್ನೂ ಕೊಡದೆ—

“ವಿಶಾಲತ್ತಿಗೆ ಹಂಗೆಲ್ಲ ಮಾಡಲ್ಲ ಸಾರ್,” ಎಂದಳು ಗಿರಿಜ. ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲು.

“ನಿಂಗೆ ಮಗ ಬೇಕಾ, ಅತ್ತಿಗೆ ಬೇಕಾ?” ಸೋಮಶೇಖರ ಗದರಿದ. ಅತ್ತಿಗೆ ಎಂದರೆ ಅವನದೇ ಹೆಂಡತಿ ಎಂಬುದು ಆ ಕ್ಷಣಕ್ಕೆ ಅವನಿಗೆ ಮರೆತಿತ್ತೋ ಏನೋ. “ಸುಮ್ನೆ ಸೈನ್ ಹಾಕು.”

ಅವಳು ಸಹಿ ಹಾಕಿದಳು.

ನಮ್ಮ ನೋಟಿಸು ಗುಬ್ಬಿ ತಲುಪಿದ ಮೇಲೆ ಚನ್ನಬಸಪ್ಪನವರು ತುಮಕೂರಿನ ಒಬ್ಬ ಸೀನಿಯರ್ ವಕೀಲರನ್ನು ಹಿಡಿದು, ಉಮಾಳನ್ನು ಕೊಡಿಸಿ ಎಂದು ಮಗಳು ವಿಶಾಲಾಕ್ಷಿಯ ಹೆಸರಿನಲ್ಲಿ ಇನ್ನೊಂದು ಅರ್ಜಿ ಹಾಕಿಸಿದರು. ಅದರಲ್ಲೂ ಮಗುವನ್ನು ‘ಕ್ರೂರ ಸ್ವಭಾವದ ಗಿರಿಜ ಎಂಬಾಕೆ’ ಉಪವಾಸ ಕೆಡವುತ್ತಿದ್ದಳು. ಹತ್ತಿರದ ಕೋರ ಗ್ರಾಮದಿಂದ ಸೈಕಲ್ಲಿನಲ್ಲಿ ಬಂದು ಕೋರ್ಟಿನ ಕಾಂಪೌಂಡಿನಲ್ಲಿ ಕೂರುತ್ತಿದ್ದ ಒಬ್ಬನೇ ಟೈಪಿಸ್ಟು ಎರಡೂ ಕಡೆಯದನ್ನು ಟೈಪ್ ಮಾಡಿದ್ದ. “ಹೆಸರು ಬದಲಾಯಿಸಿದ್ರೆ ಸಾಕಾಯ್ತು ಸಾರ್, ಬೇಗ ಮುಗೀತು,” ಎಂದು ನನಗೇ ಹೇಳಿದ.

ಈಗ ನನ್ನ ಸ್ಥಿತಿ ನೋಡಿ. ಒಂದು ಕೇಸಿನಲ್ಲಿ ನಾನು ತಾಯಿ ಗಿರಿಜಳ ವಕೀಲ. ಇನ್ನೊಂದರಲ್ಲಿ, ಮಗಳನ್ನು ಕೊಡಲಾರೆ ಎನ್ನುವ ತಂದೆ ಸೋಮಶೇಖರನ ವಕೀಲ. ಎದುರಿನ ಸೀನಿಯರ್ ಅವರದೂ ಇದೇ ಸ್ಥಿತಿ. ಎರಡೂ ಅರ್ಜಿ ಒಂದೇ ದಿನ ವಿಚಾರಣೆಗೆ ಬಂದವು. ಊಟಕ್ಕೆ ಮುಂಚೆ ನಾನು, ಎಳೆಯ ಮಗುವಿಗೆ ತಾಯಿಯ ಮಡಿಲಿಗಿಂತ ಬೇರೆ ಜಾಗವಿಲ್ಲ ಎಂದು ವಾದಿಸಿದೆ. ಸೀನಿಯರ್ ಎದ್ದು, ಆ ನಿಯಮವೇನೂ ಕಲ್ಲಿನ ಮೇಲೆ ಕೊರೆದದ್ದಲ್ಲ, ಸೋದರತ್ತೆಯ ಪ್ರೀತಿ ತಾಯಿಯ ಪ್ರೀತಿಗೆ ಕಡಿಮೆಯೇನಲ್ಲ ಎಂದರು. ಊಟವಾದ ಮೇಲೆ ಅವರು ತಾಯಿಯ ಮಡಿಲಿಗೆ ಬಂದರು, ನಾನು ಸೋದರತ್ತೆಯ ಪ್ರೀತಿಗೆ ಹೋದೆ. ನನ್ನ ಕೆಲವು ವಾಕ್ಯಗಳನ್ನು ಅವರು ಹಾಗೆ ಹಾಗೇ ಬಳಸಿದರು. ನಾನೂ ಅವರದನ್ನು ಬಳಸಿದೆ. ಇಬ್ಬರಲ್ಲಿ ಯಾರಿಗೂ ನಾಚಿಕೆಯಾದ ಹಾಗೆ ಕಾಣಲಿಲ್ಲ. ಆ ಮಧ್ಯಾಹ್ನ ಕೋರ್ಟಿನ ಹಾಲಿನಲ್ಲಿದ್ದವರಲ್ಲಿ ಬೆವರು ಒರೆಸಿಕೊಂಡವರು ಬೇಕಾದಷ್ಟು ಜನ. ನಕ್ಕವರು ಒಬ್ಬರೂ ಇಲ್ಲ.

ಆಮೇಲೆ ವಾಯಿದೆಗಳು ಶುರುವಾದವು. ಒಂದು ಸಲ ಸೀನಿಯರ್ ಅವರಿಗೆ ಹುಷಾರಿಲ್ಲ. ಒಂದು ಸಲ ನ್ಯಾಯಾಧೀಶ ಸಾಹೇಬರು ರಜೆ. ಒಂದು ಸಲ ಆಕ್ಷೇಪಣೆ ಸಲ್ಲಿಸಲು ಸಮಯ ಬೇಕು. ಈ ನಡುವೆ ಸೋಮಶೇಖರ ನನ್ನನ್ನು ಕ್ಯಾಂಟೀನಿನಲ್ಲಿ ಒಂದು ಮೂಲೆಗೆ ಕರೆದು, “ಸಾರ್, ಅವಸರ ಏನಿಲ್ಲ, ನಡೀಲಿ ಬುಡಿ” ಎಂದ. ನಾನು ಪೆದ್ದನ ಹಾಗೆ ಕಾರಣ ಕೇಳಿದೆ.

“ಎರಡೂ ಆರ್ಡರ್ ಆದ್ರೆ ಮಕ್ಕಳು ಅವರವರ ತಾಯಂದಿರಿಗೆ ಹೋಗ್ತವೆ ತಾನೆ? ಆಮೇಲೆ ನಮ್ ಕೈಯಲ್ಲಿ ಏನ್ ಉಳೀತು ಸಾರ್?”

ಗುಬ್ಬಿಯ ಚನ್ನಬಸಪ್ಪನವರೂ ತಮ್ಮ ವಕೀಲರಿಗೆ ಇದನ್ನೇ ಹೇಳಿದ್ದರು ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಬದ್ಧ ವೈರಿಗಳು ಒಂದೇ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು: ಯಾರ ಮಗುವೂ ಯಾರಿಗೂ ಸಿಗಬಾರದು. ನಾನು ಸೋಮಶೇಖರನಿಗೆ, “ಗಿರಿಜಮ್ಮನ ವಕಾಲತ್ತಿಗೆ ಗಿರಿಜಮ್ಮ ಸಹಿ ಹಾಕಿದಾರೆ. ಅವರು ಬೇಡ ಅಂದ್ರೆ ನಿಲ್ಲಿಸ್ತೀನಿ” ಎಂದೆ. ಅವನು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದ. ಗಿರಿಜ ಬೇಡ ಎನ್ನಲಿಲ್ಲ. ಪ್ರತಿ ವಾಯಿದೆಗೂ ಕುಣಿಗಲ್ಲಿನಿಂದ ಉಮಾಳನ್ನೆತ್ತಿಕೊಂಡು ಬಸ್ಸಿನಲ್ಲಿ ಬಂದು ವೆರಾಂಡದ ಕಂಬಕ್ಕೊರಗಿ ಕುಳಿತಿರುತ್ತಿದ್ದಳು. “ಇವತ್ತು ಮಂಜುನ ಕರ್ಕೊಂಡು ಬಂದವ್ರಾ ಸಾರ್?” ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಸಂಜೆ ಹೊರಟು ಹೋಗುತ್ತಿದ್ದಳು. ಹೀಗೆ ಆರೇಳು ತಿಂಗಳು ಕಳೆದವು.

ಮಕ್ಕಳನ್ನು ಖುದ್ದಾಗಿ ಹಾಜರುಪಡಿಸಬೇಕೆಂದು ನಾನು ಮತ್ತೆ ಮತ್ತೆ ಕೇಳಿದ್ದಕ್ಕೋ, ಹೊಸದಾಗಿ ಬಂದಿದ್ದ ನ್ಯಾಯಾಧೀಶರಿಗೆ ಹಳೆಯ ಐ.ಎ.ಗಳನ್ನು ಮುಗಿಸುವ ಉತ್ಸಾಹವಿದ್ದುದಕ್ಕೋ, ಕೊನೆಗೆ ಎರಡೂ ಮಕ್ಕಳನ್ನು ಕರೆತರಲು ಆದೇಶವಾಯಿತು. ನ್ಯಾಯಾಧೀಶರ ಹೆಸರು ಬೇಡ. ಬೇರೆ ಜಿಲ್ಲೆಯಿಂದ ಬಂದವರು. ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಗಂಡಸರನ್ನು ಹೊರಗಿರಿಸಿ, ಇಬ್ಬರು ಹೆಂಗಸರನ್ನೂ ಮಕ್ಕಳನ್ನೂ ಇಬ್ಬರು ವಕೀಲರನ್ನೂ ತಮ್ಮ ಚೇಂಬರಿಗೆ ಕರೆಸಿಕೊಂಡರು.

ಗಿರಿಜ ಉಮಾಳನ್ನು ಸೊಂಟದಲ್ಲಿಟ್ಟುಕೊಂಡು ಒಳಗೆ ಬಂದಳು. ವಿಶಾಲಾಕ್ಷಿ ಮಂಜುವಿನ ಕೈ ಹಿಡಿದುಕೊಂಡು ಬಂದಳು. ಮಂಜುವಿಗೆ ತಲೆಗೆ ಎಣ್ಣೆ ಹಚ್ಚಿ, ಪಕ್ಕಕ್ಕೆ ಬೈತಲೆ ತೆಗೆದು ಬಾಚಿದ್ದಳು. ಸಾಹೇಬರು ಕನ್ನಡಕ ತೆಗೆದು ನಾಲ್ವರನ್ನೂ ನೋಡಿದರು. ಮುಖದಲ್ಲಿ ಸಂತೋಷ.

“ಮಕ್ಕಳು ತಮ್ಮ ತಮ್ಮ ತಾಯಂದಿರ ಬಳಿ ಸುಖವಾಗಿಯೇ ಇವೆಯಲ್ಲ. ಇನ್ನೇನು ತಕರಾರು?”

ಸೀನಿಯರ್ ಚಾವಣಿ ನೋಡಿದರು. ನಾನು, “ಇಲ್ಲ ಯುವರ್ ಆನರ್, ಮಕ್ಕಳು ಅದಲುಬದಲಾಗಿವೆ” ಎಂದೆ.

“ಅದಲುಬದಲು? ಆಸ್ಪತ್ರೆಯಲ್ಲಿಯೆ?”

ಏಳು ತಿಂಗಳಿನಿಂದ ಕೋರ್ಟಿನಲ್ಲಿ ಬಿದ್ದು ಈಗ ಅವರ ಮುಂದಿದ್ದ ಎರಡು ಫೈಲುಗಳಲ್ಲಿ ಇದ್ದದ್ದು ಅದೊಂದೇ ವಿಷಯ. ನಾನು ಮೊದಲಿನಿಂದ ವಿವರಿಸಿದೆ. ಅವರಿಗೆ ಸ್ವಲ್ಪ ಮುಜುಗರವಾಯಿತು. ಮುಜುಗರವಾದ ನ್ಯಾಯಾಧೀಶರು ಸಾಮಾನ್ಯವಾಗಿ ವಿವೇಕಿಗಳಾಗಲು ಪ್ರಯತ್ನಿಸುತ್ತಾರೆ. ಇವರೂ ಮೇಜಿನ ಮೇಲೆ ಬಾಗಿ ಮಂಜುವನ್ನು ಕೇಳಿದರು: “ಮಗೂ, ಈ ಇಬ್ಬರಲ್ಲಿ ನಿನ್ನ ಅಮ್ಮ ಯಾರು?”

ಮಂಜು ಗಿರಿಜಳ ಕಡೆ ಒಮ್ಮೆ ನೋಡಿದ. ಆಮೇಲೆ ವಿಶಾಲಾಕ್ಷಿಯ ಸೀರೆಯ ನಿರಿಗೆಯಲ್ಲಿ ಮುಖ ಹುದುಗಿಸಿದ.

“ಮಗುವೇ ಸಾಕ್ಷಿ ಹೇಳಿತು, ಯುವರ್ ಆನರ್,” ಎಂದರು ಸೀನಿಯರ್.

ಗಿರಿಜ ಕೈ ಚಾಚುವ ಹಾಗೂ ಇರಲಿಲ್ಲ. ಎರಡೂ ಕೈಯಲ್ಲಿ ವಿಶಾಲಾಕ್ಷಿಯ ಮಗಳಿದ್ದಳು, ಅವಳ ಕತ್ತನ್ನು ತಬ್ಬಿಕೊಂಡು.

ಆಗ ವಿಶಾಲಾಕ್ಷಿ ಮಾತಾಡಿದಳು. ಬಾಯಿ ಬಿಡಬೇಡ ಎಂದು ಅಪ್ಪ ತಾಕೀತು ಮಾಡಿ ಕಳಿಸಿದ್ದರು ಎಂದು ಆಮೇಲೆ ತಿಳಿಯಿತು. “ಸ್ವಾಮಿ, ಅವನಿಗೆ ದಿನಾ ಉಣ್ಣಿಸೋಳು ನಾನು, ಅದಕ್ಕೆ ನನ್ನ ಹಿಡ್ಕೊಂಡವ್ನೆ. ಹೆತ್ತೋಳು ಅವಳು. ಅಲ್ಲಿ ನೋಡಿ, ನನ್ನ ಮಗಳು. ನನ್ನ ಕಡೆ ತಿರುಗೀನೂ ನೋಡ್ತಿಲ್ಲ. ಹಂಗಂತ ಅವಳು ನನ್ ಮಗಳಲ್ವಾ?”

ನನ್ನ ಕಥೆಯಲ್ಲಿ ಅವಳು ಹೀಗೆ ಹೇಳುತ್ತಾಳೆ. ಆದರೆ ಆ ಸೀನಿಯರ್ ಕೊನೆಯವರೆಗೂ ಬೇರೆಯೇ ಹೇಳುತ್ತಿದ್ದರು. ಅವಳು ಬರೀ ಅತ್ತಳು, ಈ ಮಾತು ನೀನೇ ಆಡಿದ್ದು, ಆಮೇಲೆ ಚೆಂದ ಕಾಣಲೆಂದು ಅವಳ ಬಾಯಿಗೆ ಹಾಕಿದೆ ಎಂದು. ಅವರು ಸುಳ್ಳು ಹೇಳುವುದರಲ್ಲಿ ಪಳಗಿದವರು. ನಾನೂ ಅದೇ ಕಸುಬಿನವನು. ಹಾಗಾಗಿ ಯಾರನ್ನು ನಂಬಬೇಕೋ ನನಗೆ ತಿಳಿಯದು. ಅವಳು ಮಂಜುವಿನ ತಲೆಯ ಮೇಲೆ ಕೈಯಿಟ್ಟುಕೊಂಡು ಗಿರಿಜಳನ್ನೇ ನೋಡುತ್ತಿದ್ದಳು ಎಂಬುದನ್ನು ಮಾತ್ರ ನಾವಿಬ್ಬರೂ ಒಪ್ಪುತ್ತಿದ್ದೆವು.

ಮಧ್ಯಾಹ್ನ ಎರಡೂ ಅರ್ಜಿಗಳು ಮಂಜೂರಾದವು. ಎರಡೂ ಮಕ್ಕಳನ್ನು ಕೂಡಲೇ ಅವರವರ ತಾಯಂದಿರ ವಶಕ್ಕೆ ಕೊಡತಕ್ಕದ್ದು. ತಂದೆಯರು ತಿಂಗಳಿಗೊಂದು ಭಾನುವಾರ ನೋಡಬಹುದು. ಹಸ್ತಾಂತರ ಕೋರ್ಟಿನ ವೆರಾಂಡದಲ್ಲೇ, ಆದೇಶ ಜಾರಿ ಮಾಡಿಸುವ ಅಮೀನರ ಸಮಕ್ಷಮದಲ್ಲಿ. ಠಾಣೆಯಲ್ಲಿದ್ದ ಕಳವಿನ ಸೈಕಲ್ಲನ್ನು ಮಾಲೀಕರಿಗೆ ಬಿಟ್ಟುಕೊಡುವಾಗ ಹೇಗೆ ಸಹಿ ತೆಗೆದುಕೊಳ್ಳುತ್ತಾರೋ ಹಾಗೆ ಇಬ್ಬರಿಂದಲೂ ಸಹಿ ತೆಗೆದುಕೊಂಡರು. ಆಮೇಲೆ ಅಮೀನ, “ಹೂಂ, ತಗೊಳ್ಳಿ” ಎಂದು ಮಂಜುವಿನ ರಟ್ಟೆ ಹಿಡಿದು ಎಳೆದ.

ಹುಡುಗ ಕಿರುಚಿದ ಕಿರುಚಾಟಕ್ಕೆ ಪಕ್ಕದ ಕೋರ್ಟಿನಿಂದ ಜನ ಈಚೆ ಬಂದರು. ಅದನ್ನು ಕೇಳಿ ಉಮಾ ಶುರುಮಾಡಿದಳು. ಗಿರಿಜ ಎರಡು ಸಲ ಮಗನನ್ನು ಎತ್ತಿಕೊಳ್ಳಲು ಹೋದಳು; ಎರಡು ಸಲವೂ ಅವನು ಬಿಲ್ಲಿನ ಹಾಗೆ ಬೆನ್ನು ಸೆಟೆಸಿ ಕೆಳಕ್ಕೆ ಜಾರಿದ. ಏಳು ತಿಂಗಳು ಕಂಬಕ್ಕೊರಗಿ ಕಾದದ್ದು ಇದಕ್ಕೆ.

“ಬ್ಯಾಡ, ಎಳೀಬೇಡಿ ಅವನ್ನ,” ಎಂದಳು ಅಮೀನನಿಗೆ. ಆಮೇಲೆ ನೆಲದ ಮೇಲೆ ಕುಳಿತುಬಿಟ್ಟಳು. ವಿಶಾಲಾಕ್ಷಿಯೂ ಪಕ್ಕದಲ್ಲಿ ಕುಳಿತಳು. ಪರಸ್ಪರ ಅಣ್ಣಂದಿರ ಹೆಂಡತಿಯರಾದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ಅತ್ತಿಗೆ ಎಂದೇ ಕರೆಯುತ್ತಿದ್ದರು.

“ಅತ್ತಿಗೆ, ಇವನು ಅನ್ನಕ್ಕೆ ತುಪ್ಪ ಹಾಕಿದ್ರೆ ಉಗೀತಾನೆ. ಬರೀ ಮೊಸರು.”

“ಮೊದ್ಲು ತುಪ್ಪ ಅಂದ್ರೆ ಪ್ರಾಣ ಬಿಡ್ತಿದ್ದ.”

“ಈಗ ಇಲ್ಲ ಕಣೇ. ಉಮಾ?”

“ಜೋಳಿಗೇಲಿ ಮಲಗಲ್ಲ ಈಗ. ಕಿವಿ ಹಿಡ್ಕೊಂಡು ಮಲಗ್ತಾಳೆ. ಅವಳ ಕಿವಿ ಅಲ್ಲ, ನಂದು.”

ವಿಶಾಲಾಕ್ಷಿ, “ನೀನು ಕುಣಿಗಲ್ ಬಸ್ಸು, ನಾನು ಗುಬ್ಬಿ ಬಸ್ಸು ಹತ್ತಿದ್ರೆ ಇವೆರಡೂ ಸಾಯೋ ಹಂಗೆ ಅಳ್ತವೆ” ಎಂದಳು. ಗಿರಿಜ ನನ್ನ ಕಡೆ ತಿರುಗಿದಳು. “ಸಾರ್, ನಾವಿಬ್ರೂ ಒಂದಷ್ಟು ದಿನ ಇಲ್ಲೇ ತುಮಕೂರಲ್ಲೇ ಒಂದೇ ಕಡೆ ಇದ್ರೆ? ಮಕ್ಕಳಿಗೆ ರೂಢಿ ಆಗೋವರ್ಗೂ. ಕಾನೂನು ಬ್ಯಾಡ ಅಂತದಾ?”

ನಾನು ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇರಲಿಲ್ಲ. ಆದೇಶದ ಪ್ರತಿಯನ್ನು ಇನ್ನೊಂದು ಸಲ ಓದಿದೆ. ಚನ್ನಬಸಪ್ಪನವರು ಅಷ್ಟರಲ್ಲಿ ವಿಷಯ ತಿಳಿದು ಶಲ್ಯ ಕೊಡವುತ್ತಾ ಬಂದರು. “ಏನ್ಲಾ ಲಾಯರಪ್ಪ, ಮರ್ಯಾದಸ್ಥರ ಮನೆ ಹೆಣ್ಮಕ್ಕಳಿಗೆ ಏನ್ ಹೇಳ್ಕೊಡ್ತಿದೀಯ? ಎದ್ದೇಳೇ ವಿಶಾಲು, ಬಸ್ಸಿಗೆ ಹೊತ್ತಾಯ್ತು.”

“ಮಗು ತಾಯಿ ಹತ್ರ ಇರ್ಬೇಕು ಅಂತ ಆರ್ಡರಲ್ಲಿದೆ ಯಜಮಾನರೇ,” ಎಂದೆ. “ತಾಯಿ ಎಲ್ಲಿರ್ಬೇಕು ಅಂತ ಇಲ್ಲ.”

ವಿಶಾಲಾಕ್ಷಿ ಏಳಲಿಲ್ಲ. ಆಚೆ ಕಡೆಯಿಂದ ಸೋಮಶೇಖರನೂ ಬಂದ. ಏಳು ತಿಂಗಳಲ್ಲಿ ಮೊದಲ ಸಲ ಮಾವ ಅಳಿಯ ಅಕ್ಕಪಕ್ಕ ನಿಂತು ಒಂದೇ ದನಿಯಲ್ಲಿ ನನ್ನನ್ನು ಬೈದರು. ರೇಣುಕಪ್ಪ ದೂರದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಮಗನ ಕಿರುಚಾಟ ಅವನಿಗೂ ಕೇಳಿರಬೇಕು. ಅವನು ಜಾಗ ಬಿಟ್ಟು ಕದಲಲಿಲ್ಲ.

ನನ್ನ ಕಕ್ಷಿದಾರರಲ್ಲಿ ಜುಬೇದಾ ಬೀ ಎಂಬ ವಿಧವೆ ಇದ್ದರು. ಅವರ ಮಗ ಹಾಸಿಗೆ ಹೊಲಿಯುವ ಅಂಗಡಿ ನಡೆಸುತ್ತಿದ್ದ. ಅವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆದಾರನಿಂದ ಬಿಡಿಸಿಕೊಟ್ಟವನು ನಾನೇ. ಅದು ಖಾಲಿ ಇತ್ತು. ಲಿಂಗಾಯತರ ಮನೆಯ ಇಬ್ಬರು ಸೊಸೆಯರು ಮುಸಲ್ಮಾನರ ಮನೆಯ ಹಿತ್ತಲಲ್ಲಿ ಒಲೆ ಹೂಡಿದರು ಎಂದು ಗುಬ್ಬಿಯಲ್ಲೂ ಕುಣಿಗಲ್ಲಿನಲ್ಲೂ ಗುಲ್ಲೆದ್ದಿತು. ಹೆಂಡತಿಯನ್ನು ಹಮಾಲರ ಎದುರು ಹೊಡೆದಾಗ ಹೋಗದ ಮಾನ ಆಗ ಹೋಯಿತಂತೆ. ಜುಬೇದಾ ಬೀ ಮಾತ್ರ ಮಾರನೇ ದಿನವೇ ನನ್ನ ಆಫೀಸಿಗೆ ಬಂದು, “ವಕೀಲ್ ಸಾಬ್, ಇವ್ರ ಗಂಡಂದಿರು ಬಂದ್ರೆ ಒಳಗ್ ಬಿಡ್ಲಾ, ಬ್ಯಾಡ್ವಾ? ಆರ್ಡರ್‌ನಾಗೆ ಏನೈತೆ?” ಎಂದು ಕೇಳಿದರು.

“ಹೆಂಗಸರನ್ನ ಕೇಳಿ ಬಿಡಿ.”

“ಹಂಗೂ ಆರ್ಡರ್ ಕೊಡ್ತಾರಾ ಈಗ? ಅಚ್ಛಾ!”

ಮೊದಲು ಬಂದವನು ಸೋಮಶೇಖರ. ವಾರ ತುಂಬುವ ಮೊದಲೇ ಬಂದು ಬೀದಿಯಲ್ಲಿ ನಿಂತ. ವಿಶಾಲಾಕ್ಷಿ ಎರಡು ಸಲ ಅವನನ್ನು ಹಾಗೇ ವಾಪಸ್ ಕಳಿಸಿದಳು. ಮೂರನೇ ಸಲ ಬಾಗಿಲಿಗೆ ಬಂದು ಮಾತಾಡಿದಳು. ಅವಳ ಷರತ್ತುಗಳನ್ನು ಜುಬೇದಾ ಬೀ ನನಗೆ ಅಭಿನಯ ಸಹಿತ ಒಪ್ಪಿಸಿದರು. ಗಿರಿಜ ಮತ್ತು ಮಂಜು ಕುಣಿಗಲ್ಲಿನ ಅದೇ ಮನೆಯಲ್ಲಿ ಇರಬೇಕು. ಇನ್ನೊಬ್ಬರ ಜಗಳಕ್ಕೆ ತನ್ನನ್ನು ಮತ್ತೆ ಬಸ್ ಹತ್ತಿಸಿದರೆ ಹತ್ತುತ್ತೇನೆ, ಆದರೆ ಇಳಿಯುವ ಊರು ಯಾವುದೆಂದು ಹೇಳುವುದಿಲ್ಲ ಎಂದಳಂತೆ. ಸೋಮಶೇಖರ ಒಪ್ಪಿದ. ಒಪ್ಪಿದ ಮೇಲೆ ತನ್ನ ಮೇಲಿನ ಕೇಸಿನಿಂದ ನನ್ನ ವಕಾಲತ್ತು ತೆಗೆಸಿ ಬೇರೆ ವಕೀಲರಿಂದ ರಾಜಿ ಅರ್ಜಿ ಹಾಕಿಸಿದ. ನಾನು ಸಂಸಾರ ಒಡೆಯುವವನು ಎಂದು ವಕೀಲರ ಸಂಘದಲ್ಲಿ ಹೇಳಿಕೊಂಡು ತಿರುಗಿದ. ರಾಜಿ ಮಾಡಿಸಿದವರು ಎರಡೂ ಊರಿನ ಹಿರಿಯರು ಎಂದು ಆ ಅರ್ಜಿಯಲ್ಲಿತ್ತು.

ಅವರು ತುಮಕೂರು ಬಿಡುವ ಮುಂಚೆ ನಾನು ಒಂದು ಸಂಜೆ ಆ ಹಿತ್ತಲಿಗೆ ಹೋಗಿದ್ದೆ. ಮಂಜು ಅಂಗಳದಲ್ಲಿ ಓಡಾಡುತ್ತಾ ಎಡವಿ ಬಿದ್ದ. ಮೊಣಕಾಲು ತರಚಿತು. ಇಬ್ಬರು ಹೆಂಗಸರೂ ಎದ್ದು ನಿಂತರು, ಇಬ್ಬರೂ ಮುಂದೆ ಹೋಗಲಿಲ್ಲ. ಹುಡುಗ ಅತ್ತ ಇತ್ತ ನೋಡಿ ಗಿರಿಜಳ ಕಡೆ ಓಡಿದ. ಈ ದೃಶ್ಯದಿಂದಲೇ ನಾನು ಈ ಕಥೆಯನ್ನು ಮುಗಿಸುವುದು ವಾಡಿಕೆ. ಕೇಳಿದವರು ಕಣ್ಣೊರೆಸಿಕೊಂಡದ್ದೂ ಉಂಟು.

ಎಂಬತ್ತೈದು ಅಥವಾ ಎಂಬತ್ತಾರರಲ್ಲಿ ಒಂದು ಜಮೀನಿನ ಕೇಸಿಗೆ ಸ್ಥಳ ನೋಡಲು ಕುಣಿಗಲ್ಲಿಗೆ ಹೋದಾಗ ಗಿರಿಜ ಸಿಕ್ಕಿದಳು. ಬಾಲವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಗುಬ್ಬಿಗೆ ಅವಳು ವಾಪಸ್ ಹೋಗಲಿಲ್ಲ. ಮುಖ್ಯ ಅರ್ಜಿಗೆ ರೇಣುಕಪ್ಪ ಹಾಜರಾಗಲೇ ಇಲ್ಲ, ತೀರ್ಪು ಏಕಪಕ್ಷೀಯವಾಗಿ ಅವಳ ಪರ ಆಗಿತ್ತು. ಆದೇಶ ಕೊಟ್ಟಿದ್ದ ಭಾನುವಾರಗಳಲ್ಲಿ ಒಂದಕ್ಕೂ ಅವನು ಮಗನನ್ನು ನೋಡಲು ಬರಲಿಲ್ಲವಂತೆ. ಮೊಮ್ಮಗ ನಮ್ಮನೇದು ಎಂದವರೂ ಬರಲಿಲ್ಲವಂತೆ.

ನಾನು ಆ ಹಿತ್ತಲಿನ ಸಂಜೆಯನ್ನು ಜ್ಞಾಪಿಸಿದೆ. “ಮಂಜು ಬಿದ್ದೋನು ನಿಮ್ಮ ಹತ್ರಾನೇ ಓಡಿ ಬಂದನಲ್ಲಮ್ಮ.”

ಅವಳು ನಕ್ಕುಬಿಟ್ಟಳು. “ಎಲ್ಲಿ ಸಾರ್? ನನ್ ಹತ್ರಾನೂ ಬರಲಿಲ್ಲ, ಅತ್ತಿಗೆ ಹತ್ರಾನೂ ಹೋಗಲಿಲ್ಲ. ಜುಬೇದಮ್ಮನ ಹತ್ರ ಓಡಿದ. ಅವರ ಕೈಲಿ ಬೆಲ್ಲ ಇತ್ತು.”

ನನಗೆ ಅವಮಾನವಾಯಿತೋ ಸಮಾಧಾನವಾಯಿತೋ ಈಗ ಹೇಳಲಾರೆ. “ಹಾಗಾದ್ರೆ ಅವನು ನಿಮ್ಮ ಹತ್ರ ಬಂದಿದ್ದು ಯಾವಾಗ?”

“ಗೊತ್ತಿಲ್ಲ ಸಾರ್. ಇಲ್ಲಿಗೆ ಬಂದ್ಮೇಲೆ ಒಂದ್ಸಲ ಜ್ವರ ಬಂದಿತ್ತು. ಅಮ್ಮ, ನೀರು ಅಂದ. ನಾವಿಬ್ರೂ ಅಲ್ಲೇ ಇದ್ವಿ. ಯಾರನ್ನ ಕರೆದ ಅಂತ ನಾನು ನೋಡಕ್ಕೆ ಹೋಗಲಿಲ್ಲ. ಕೊಟ್ಟೆ. ಕುಡ್ದ.”

ಅದಾದ ಮೇಲೆ ಮಗುವಿನ ತಾತ್ಕಾಲಿಕ ವಶ ಕೊಡಿಸಿ ಎಂದು ಬಂದವರನ್ನೆಲ್ಲ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಈಗ ಆ ಮಗುವಿಗೆ ಸ್ನಾನ ಮಾಡಿಸುತ್ತಿರುವವರು ಯಾರು? ತಾತ್ಕಾಲಿಕ ಎಂಬುದು ದೊಡ್ಡವರ ಲೆಕ್ಕ. ಮೂರು ವರ್ಷದ ಮಗು ಎಲ್ಲಿದೆಯೋ ಅಲ್ಲಿ ಪೂರ್ತಿಯಾಗಿ ಇರುತ್ತದೆ. ಗೊತ್ತಿಲ್ಲ ಎಂದವರಿಗೆ, ತಿಳಿದುಕೊಂಡು ಬನ್ನಿ ಎಂದು ಹೇಳುತ್ತಿದ್ದೆ. ತಿಳಿದುಕೊಂಡು ಬಂದವರಿಗೆ, ಆ ವ್ಯಕ್ತಿಯ ಮೇಲೆ ಅಫಿಡವಿಟ್ಟಿನಲ್ಲಿ ಒಂದು ಕೆಟ್ಟ ಮಾತೂ ಬರೆಯುವುದಿಲ್ಲ, ಮಗುವನ್ನು ಅವರ ಕೈಯಿಂದ ಒಂದೇ ದಿನ ಕಿತ್ತುಕೊಳ್ಳುವುದೂ ಇಲ್ಲ ಎನ್ನುತ್ತಿದ್ದೆ. ಬಹಳ ಜನ ಅಷ್ಟು ಕೇಳಿ ಎದ್ದು ಬೇರೆ ವಕೀಲರ ಬಳಿಗೆ ಹೋದರು. ಮಗು ಬೇಕಾಗಿದ್ದವರು ಕುಳಿತರು.